ಬ್ರೇಕಿನ ಮೇಲಿಟ್ಟ ಕಾಲು

ಅಂದು ನನ್ನ ವಾರದ ರಜಾ. ಹುನಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ, ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದೆ. ಕಲ್ಲು ತಣ್ಣಗಿತ್ತು. ಅಂದರೆ ಕೈಯಿಟ್ಟು ನೋಡಿದರೆ ತಣ್ಣಗಿತ್ತು. ಕಾಲಿಗೆ ಮಾತ್ರ ಅಲ್ಲಿ ಯಾರೋ ಕೆಂಡ ಹರವಿಟ್ಟಿದ್ದಾರೆ ಅನ್ನಿಸುತ್ತಿತ್ತು.

ನಾನು ಸರಕಾರಿ ಬಸ್ಸಿನ ಡ್ರೈವರ್. ಹೆಸರು ಸಂಗಪ್ಪ. ಇಪ್ಪತ್ತೆರಡು ವರ್ಷದ ಸರ್ವಿಸು, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಇಳಕಲ್‌ನಿಂದ ಬಾಗಲಕೋಟೆಗೆ ಹೋಗುವ ರೂಟು. ಅಂಗಾಲು ಉರಿಯಲು ಶುರುವಾಗಿ ಆಗಲೇ ಆರೇಳು ತಿಂಗಳಾಗಿತ್ತು. ಅದಕ್ಕೆ ನಾನು ಹೇಳಿಕೊಂಡ ಕಾರಣ ಒಂದೇ, ಎಂಜಿನ್ನಿನ ಕಾವು. ನಮ್ಮ ಕಡೆಯ ಬಿಸಿಲಿನಲ್ಲಿ ಹಳೆಯ ಬಸ್ಸಿನ ಕ್ಯಾಬಿನ್ನಿನಲ್ಲಿ ಕುಳಿತವರಿಗೆ ಗೊತ್ತು, ಕಾಲ ಬುಡದ ತಗಡು ಹೇಗೆ ಕಾಯುತ್ತದೆ ಎಂದು. ಅದರ ಮೇಲೆ ನಾನು ಬರಿಗಾಲಿನ ಡ್ರೈವರ್. ಸೀಟು ಹತ್ತಿದ ಕೂಡಲೇ ಚಪ್ಪಲಿ ಬಿಚ್ಚಿ ಹಿಂದಕ್ಕೆ ತಳ್ಳುವುದು, ಸ್ಟೇರಿಂಗಿಗೆ ಒಮ್ಮೆ ಕೈಮುಗಿಯುವುದು, ಬರಿಗಾಲನ್ನು ಕ್ಲಚ್ಚು, ಬ್ರೇಕಿನ ಮೇಲಿಡುವುದು. ನನಗೆ ಕಲಿಸಿದ ಹಿರಿಯ ಡ್ರೈವರ್ ಹಾಗೇ ಮಾಡುತ್ತಿದ್ದ. ಚಪ್ಪಲಿ ಮೆಟ್ಟಿದವನಿಗೆ ಬ್ರೇಕಿನ ಹದ ತಿಳಿಯುವುದಿಲ್ಲ ಅನ್ನುತ್ತಿದ್ದ. ನಾನೂ ಅದನ್ನೇ ಹೊಸಬರಿಗೆ ಹೇಳಿಕೊಂಡು ಬಂದಿದ್ದೆ.

ಡ್ಯೂಟಿ ಮುಗಿದು ಮನೆಗೆ ಬಂದರೆ ಕಾವು ಇಳಿಯುತ್ತದೆ ಅಂದುಕೊಂಡಿದ್ದೆ. ಆದರೆ ಅವತ್ತು ಬಸ್ಸು ಡಿಪೋದಲ್ಲಿತ್ತು. ನಾನು ಮನೆಯಲ್ಲಿದ್ದೆ.

ಉರಿ ನನ್ನ ಕಾಲಿನೊಳಗೇ ಇತ್ತು.

ಶುಗರ್ ಬಂದು ಒಂಬತ್ತು ವರ್ಷವಾಗಿತ್ತು. ಗುಳಿಗೆ ಇದ್ದವು. ನೆನಪಾದಾಗ ನುಂಗುತ್ತಿದ್ದೆ. ಡ್ರೈವರನ ಹೊಟ್ಟೆಗೆ ಹೊತ್ತುಗೊತ್ತು ಇರುವುದಿಲ್ಲ, ಬಸ್ಸು ನಿಂತಲ್ಲೆಲ್ಲ ಚಹಾ. ಅಮೀನಗಡದಲ್ಲಿ ಹೋಟೆಲಿನವನು ನನ್ನ ಮುಖ ಕಂಡ ಕೂಡಲೇ ಕಪ್ಪು ತುಂಬಿಸಿ ಮುಂದಿಡುತ್ತಿದ್ದ. ಸಕ್ಕರೆ ಬೇಡ ಅನ್ನಲು ನನಗೆ ನಾಚಿಕೆ. ಡ್ರೈವರನಿಗೇ ಕಾಯಿಲೆ ಇದೆ ಅಂತ ನಾಲ್ಕು ಮಂದಿಗೆ ಗೊತ್ತಾಗುವುದು ಬೇಡವಾಗಿತ್ತು.

ನನ್ನ ಹೆಂಡತಿ ಮಹಾದೇವಿಗೆ ಮಾತ್ರ ಕಾಲುರಿಯ ಸುದ್ದಿ ಗೊತ್ತಿತ್ತು. ಅವಳೂ ಎಂಜಿನ್ನಿನ ಮೇಲೇ ತಪ್ಪು ಹೊರಿಸಿದಳು. "ಕಾವು ಹಿಡದೈತ್ರಿ. ಗೋರಂಟಿ ಹಚ್ಚಿದ್ರ ತಂಪಾಕ್ಕೈತಿ" ಎಂದು ಹಿತ್ತಲಿನ ಗಿಡದ ಸೊಪ್ಪು ಅರೆದು ವಾರವಾರ ಎರಡೂ ಅಂಗಾಲಿಗೆ ಮೆತ್ತಿದಳು. ತೊಳೆದ ಮೇಲೆ ನೋಡಿದರೆ ನನ್ನ ಪಾದ ಮದುಮಗಳ ಪಾದ. ಬಸ್ಸಿನಲ್ಲಿ ಚಪ್ಪಲಿ ಬಿಚ್ಚಿದಾಗ ಕಂಡಕ್ಟರ್ ದಾವಲಸಾಬ ನೋಡಿಬಿಟ್ಟ. ಹನ್ನೊಂದು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸಿನವರು.

"ಏನ್ ಸಂಗಣ್ಣ, ಮದಿವಿ ಐತೇನು? ನಮಗ ಹೇಳಲೇ ಇಲ್ಲಲ್ಲೋ!"

ಸಂಜೆಯೊಳಗೆ ಇಡೀ ಡಿಪೋಕ್ಕೆ ಸುದ್ದಿ ಹೋಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗೋರಂಟಿ ಹಚ್ಚಿದ ಒಂದೆರಡು ತಾಸು ತಂಪು ಅನ್ನಿಸುತ್ತಿದ್ದದ್ದೂ ಖರೆ.

ಆಮೇಲೆ ಆಮೇಲೆ ಉರಿ ಅದಕ್ಕೂ ಬಗ್ಗಲಿಲ್ಲ. ಮಲಗಿದಾಗ ಹೊದಿಕೆಯ ಅಂಚು ಪಾದಕ್ಕೆ ತಾಗಿದರೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಅದೇ ಪಾದ ಅಂಗಳದ ಹರಳಿನ ಮೇಲೆ ಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬಟ್ಟೆಯ ಭಾರ ತಡೆಯದ ಕಾಲಿಗೆ ಕಲ್ಲು ಯಾಕೆ ತಿಳಿಯುವುದಿಲ್ಲ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ನಿದ್ದೆಗೆಟ್ಟು ನನ್ನ ಮುಖ ಊದಿಕೊಂಡದ್ದು ನೋಡಿ ಮಹಾದೇವಿಯೇ ಹಟ ಹಿಡಿದು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು.

ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ಕೆಂಪು ಅಂಗಾಲು ನೋಡಿ ಒಂದು ಕ್ಷಣ ತಬ್ಬಿಬ್ಬಾದರು.

"ಇದೇನ್ರಿ ಇದು?"

"ಗೋರಂಟಿ ರೀ. ತಂಪಾಗಲಿ ಅಂತ ನಾನ ಹಚ್ಚೇನ್ರಿ" ಎಂದಳು ಮಹಾದೇವಿ.

ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರು. ದೀಪ ಹತ್ತಿರ ತಂದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ನಾನು ಬ್ರೇಕಿನ ಮೇಲಿಡುವ ಜಾಗದಲ್ಲೇ, ಒಂದು ಗುಳ್ಳೆ ಒಡೆದು ಹಸಿ ಗಾಯವಾಗಿತ್ತು. ಎಂಟಾಣೆ ಅಗಲದ್ದು. ಗೋರಂಟಿಯ ಬಣ್ಣದಲ್ಲಿ ಅದು ಕಂಡೇ ಇರಲಿಲ್ಲ.

"ಇದು ಯಾವಾಗ ಸುಟ್ಟಿದ್ದು?"

"ಸುಟ್ಟಿಲ್ಲಲ್ಲರಿ" ಎಂದೆ.

"ಸುಟ್ಟೈತಿ. ಏನಿಲ್ಲಂದ್ರೂ ಹತ್ತು ದಿನಾ ಆಗೇತಿ. ಬರಿಗಾಲೀಲೆ ಬಿಸಿ ಮ್ಯಾಲ ಎಲ್ಲ್ಯಾರ ಕಾಲಿಟ್ಟೀರೇನು?"

ಮಹಾದೇವಿ ಸೆರಗು ಬಾಯಿಗೆ ಹಿಡಿದುಕೊಂಡಳು. ಹಿಂದಿನ ವಾರ ಆ ಗಾಯದ ಮೇಲೇ ಗೋರಂಟಿ ಮೆತ್ತಿದ್ದು ಅವಳ ಕೈ. ನಾನು ನೋವಿಗೆ ಹಾಯ್ ಅಂದಿರಲಿಲ್ಲ. ಅಂದಿದ್ದರೆ ಅವಳು ಆವತ್ತೇ ನೋಡುತ್ತಿದ್ದಳು.

ಆಮೇಲೆ ಡಾಕ್ಟರ್ ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದರು. ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಮುಟ್ಟಿದಾಗ ಹೂಂ ಅನ್ರಿ." ಎಡಗಾಲಿನಲ್ಲಿ ಮೂರ್ನಾಲ್ಕು ಸಲ ಹೂಂ ಅಂದೆ. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಏನೋ ಬರೆದುಕೊಳ್ಳುತ್ತಿರಬೇಕು ಎಂದು ಕಾದೆ. ಕಾದು ಕಾದು ಕೇಳಿದೆ.

"ಬಲಗಾಲು ಯಾವಾಗ ನೋಡ್ತೀರಿ, ಡಾಕ್ಟ್ರ?"

"ನೋಡಿದ್ದು ಮುಗೀತ್ರಿ."

ಕಣ್ಣು ತೆರೆದರೆ ಮಹಾದೇವಿ ನನ್ನ ಬಲಗಾಲನ್ನೇ ನೋಡುತ್ತಾ ನಿಂತಿದ್ದಳು. ಎಳೆ ಎಲ್ಲೆಲ್ಲಿ ಮುಟ್ಟಿತು ಎಂದು ಅವಳು ನೋಡಿದ್ದಳು.

ಡಯಾಬಿಟಿಕ್ ನ್ಯೂರೋಪತಿ ಎಂದರು. ಶುಗರಿಗೆ ಪಾದದ ನರ ಸವೆದಿವೆ. ಕೆಲವು ನರ ಪೂರ್ತಿ ಸುಮ್ಮನಾಗಿವೆ, ಕೆಲವು ಕಾರಣವಿಲ್ಲದೆ ಉರಿ ಉರಿ ಎಂದು ಒದರುತ್ತಿವೆ. ಅದಕ್ಕೇ ಇಲ್ಲದ ಬೆಂಕಿ ಗೊತ್ತಾಗುತ್ತದೆ, ಇದ್ದ ಬೆಂಕಿ ಗೊತ್ತಾಗುವುದಿಲ್ಲ. ಇಷ್ಟು ಹೇಳಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ.

"ಬ್ರೇಕ್ ಮ್ಯಾಲ ಕಾಲಿಟ್ಟಿದ್ದು ಗೊತ್ತಾಗತೈತೇನು?"

"ಗೊತ್ತಾಗತೈತ್ರಿ."

ಥಟ್ಟನೆ ಅಂದುಬಿಟ್ಟೆ. ಅದು ಖರೆಯೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದು ಬೇಡವಾಗಿತ್ತು ಅನ್ನುವುದೇ ಸರಿ. ಸ್ಟೇರಿಂಗು ಹೋದರೆ ನಾನು ಯಾರು? ಮನೆಯ ಗೋಡೆಗೆ ತೂಗುಹಾಕಿದ ಫೋಟೋದಲ್ಲೂ ನಾನು ಖಾಕಿಯಲ್ಲೇ ಇದ್ದೇನೆ.

ಗಾಯ ಮಾಯುವವರೆಗೆ ಡ್ಯೂಟಿ ಬೇಡ ಎಂದು ರಜೆ ಬರೆದುಕೊಟ್ಟರು. ಶುಗರಿನ ಗುಳಿಗೆ ಬದಲಾಯಿತು. ಉರಿಗೆ ಕೊಟ್ಟ ಗುಳಿಗೆಯಿಂದ ಹಗಲೆಲ್ಲ ತೂಕಡಿಕೆ, ತಲೆ ಭಾರ. ಅದನ್ನು ಅರ್ಧ ಮಾಡಿ, ಜೊತೆಗೆ ಫಿಸಿಯೋಥೆರಪಿಯಲ್ಲಿ ನೋವಿಗೆ ಟೆನ್ಸ್ ಎಂಬ ಮಶೀನು ಹಾಕಿಸಿಕೊಂಡು ನೋಡಿ ಎಂದರು. ಅಲ್ಲಿಗೆ ಹೋಗುವ ಮಂದಿ ಅದಕ್ಕೆ 'ಕರೆಂಟ್ ಕೊಡೋದು' ಅನ್ನುತ್ತಾರೆ. ಆ ಮಾತು ಕೇಳಿಯೇ ನನ್ನ ಅರ್ಧ ಧೈರ್ಯ ಹೋಯಿತು. ಘಾಟಿನಲ್ಲಿ ಬಸ್ಸು ಇಳಿಸಿದವನು ನಾನು, ಆದರೆ ಮನೆಯ ಬಲ್ಬು ಬದಲಿಸುವುದು ಇವತ್ತಿಗೂ ಮಹಾದೇವಿ.

ಫಿಸಿಯೋ ಮೇಡಂ ಹರಟೆಯವರಲ್ಲ. ಎದೆಯೊಳಗೆ ಪೇಸ್‌ಮೇಕರ್ ಹಾಕಿದ್ದಾರೆಯೇ ಎಂದು ಮೊದಲು ಕೇಳಿದರು. ಇಲ್ಲವೆಂದೆ. ಅಂಗೈಯಗಲದ ಒಂದು ಡಬ್ಬಿ, ಅದರಿಂದ ನಾಲ್ಕು ತಂತಿ, ತಂತಿಯ ತುದಿಗೆ ಅಂಟಿನ ಪ್ಯಾಡು. ಪ್ಯಾಡುಗಳನ್ನು ಮೀನಖಂಡದ ಮೇಲೂ ಪಾದದ ಗಂಟಿನ ಮೇಲ್ಗಡೆಯೂ ಅಂಟಿಸಿದರು.

"ನರ ಹೊಸಾವು ಆಗ್ತಾವೇನ್ರಿ ಇದರಿಂದ?" ಎಂದು ಮಹಾದೇವಿ ಕೇಳಿದಳು.

"ಇಲ್ಲವ್ವಾ, ಸುಳ್ಳ ಹೇಳೂದಿಲ್ಲ. ನೋವಿನ ಸುದ್ದಿ ಮಿದುಳಿಗೆ ಮುಟ್ಟೂದನ್ನ ಇದು ಒಂದಿಷ್ಟು ತಡೀತೈತಿ. ಕೆಲವ್ರಿಗೆ ಛಲೋ ಆಗತೈತಿ, ಕೆಲವ್ರಿಗೆ ಏನೂ ಆಗೂದಿಲ್ಲ. ನಿಮ್ಮ ಯಜಮಾನ್ರಿಗೆ ಹೆಂಗ ಆಗತೈತಿ ಅಂತ ನೋಡೂಣು."

ನಾನು ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಮೀನಖಂಡದ ಮೇಲೆ ಇರುವೆ ಹರಿದಂತೆ. ಆಮೇಲೆ ಜುಂ ಜುಂ. ನೋವಿಲ್ಲ, ಕಚಗುಳಿಯೂ ಅಲ್ಲ. ಅರ್ಧ ತಾಸು ಹಾಗೇ ಬಿಟ್ಟರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನತ್ತ ನಡೆಯುವಾಗ ಮಹಾದೇವಿ ಉರಿ ಹೇಗಿದೆ ಎಂದಳು. ನಾನು ನಿಂತು ಕಾಲಿನ ಕಡೆ ಗಮನ ಕೊಟ್ಟೆ. ಉರಿ ಇತ್ತು. ಆದರೆ ಪಕ್ಕದ ಮನೆಯಲ್ಲಿ ಹಚ್ಚಿದ ರೇಡಿಯೋ ಕೇಳಿದ ಹಾಗೆ, ಸ್ವಲ್ಪ ದೂರದಲ್ಲಿತ್ತು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂದವು. ಆ ಸಂಜೆಗೆ ಉರಿ ವಾಪಸು ಬಂತು. ಆದರೂ ಅದು ಕಡಿಮೆಯಾಗುವ ವಸ್ತು ಎಂಬುದು ಗೊತ್ತಾಯಿತು.

ದಿನಾ ಬೆಳಿಗ್ಗೆ ನೋವಿಗೆ ಹತ್ತರಲ್ಲಿ ಎಷ್ಟು ಮಾರ್ಕು ಎಂದು ಬರೆದಿಡಿ ಎಂದಿದ್ದರು. ಮಹಾದೇವಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಎಂಟು, ಎಂಟು, ಏಳು, ಎಂಟು, ಆರು. ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನ ಕಾಲಿನ ಲೆಕ್ಕ. ಚಹಾಕ್ಕೆ ಸಕ್ಕರೆ ನಿಂತಿತು. ರೊಟ್ಟಿ ಎರಡಕ್ಕೆ ಇಳಿಯಿತು. ಮೆತ್ತನೆಯ ಅಟ್ಟೆಯ ಎಂಸಿಆರ್ ಚಪ್ಪಲಿ ಬಂತು, ಮನೆಯೊಳಗೂ ಅದನ್ನು ಮೆಟ್ಟಿಯೇ ಓಡಾಡಬೇಕು. ಮೊದಲ ದಿನ ಅಡುಗೆಮನೆಯ ಹೊಸಿಲಲ್ಲಿ ನಾನು ಅನುಮಾನಿಸಿ ನಿಂತಾಗ ಮಹಾದೇವಿಯೇ ಒಳಗೆ ಕರೆದಳು. ದಿನಾ ಸಂಜೆ ಕನ್ನಡಿ ಹಿಡಿದು ನನ್ನ ಅಂಗಾಲು ನೋಡುವುದು ಅವಳ ಕೆಲಸವಾಯಿತು. ಸಿಟ್ಟಿನಲ್ಲಿ ಗೋರಂಟಿ ಗಿಡವನ್ನೇ ಕಡಿಯಲು ಹೋಗಿದ್ದಳು. ಗಿಡ ಏನು ಮಾಡಿದೆ ಎಂದು ನಾನೇ ತಡೆದೆ.

ಮೂರನೆಯ ವಾರ ಮನೆಗೊಂದು ಸಣ್ಣ ಮಶೀನು ತಂದುಕೊಂಡೆವು. ದಿನಾ ಬಾಗಲಕೋಟೆಗೆ ಓಡಾಡುವುದು ತಪ್ಪಿತು. ಅಲ್ಲೇ ನಾನು ಜಾಣತನ ತೋರಿಸಿದೆ. ಉರಿ ಇರುವುದು ಅಂಗಾಲಿನಲ್ಲಿ, ಪ್ಯಾಡು ಮೀನಖಂಡದಲ್ಲಿ ಯಾಕೆ? ಎಂಜಿನ್ ಕೆಟ್ಟರೆ ಎಂಜಿನ್ನೇ ಬಿಚ್ಚಬೇಕಲ್ಲ. ಮಹಾದೇವಿ ಸಂತೆಗೆ ಹೋದಾಗ ಎರಡು ಪ್ಯಾಡನ್ನು ನೇರ ಎಡ ಅಂಗಾಲಿಗೆ ಅಂಟಿಸಿಕೊಂಡೆ. ಏನೂ ಗೊತ್ತಾಗಲಿಲ್ಲ. ಗುಂಡಿ ಒತ್ತಿ ಏರಿಸಿದೆ. ಇನ್ನೂ ಏನಿಲ್ಲ. ಏರು ಬಂದಾಗ ಆಕ್ಸಿಲೇಟರ್ ಒತ್ತಿದ ಹಾಗೆ ಪೂರ್ತಿ ಏರಿಸಿದೆ. ಕಾಲ್ಬೆರಳು ತಾವಾಗಿಯೇ ಮಡಚಿಕೊಂಡವು, ಪಾದ ಸೆಟೆದು ನಿಂತಿತು. ಗಾಬರಿಯಾಗಿ ಪ್ಯಾಡು ಕಿತ್ತು ನೋಡಿದರೆ ಚರ್ಮ ಚೌಕಾಕಾರದಲ್ಲಿ ಕೆಂಪಾಗಿತ್ತು. ಮಹಾದೇವಿ ಸಂಜೆ ಕನ್ನಡಿ ಹಿಡಿದಾಗ ಕಳ್ಳತನ ಬಯಲಾಯಿತು. ಮರುದಿನವೇ ಮೇಡಂ ಮುಂದೆ ನಿಲ್ಲಿಸಿದಳು.

"ಸ್ಪರ್ಶ ಸರಿಯಾಗಿ ಇಲ್ಲದ ಜಾಗಾಕ ಹಚ್ಚಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ?" ಎಂದರು ಮೇಡಂ. "ನಿಮಗ ಗೊತ್ತಾಗಲಿಲ್ಲ ಅಂದ್ರ ಕರೆಂಟ್ ಬಂದಿಲ್ಲ ಅಂತ ಅರ್ಥ ಅಲ್ಲರಿ. ಇನ್ನೊಂದ್ ಸ್ವಲ್ಪ ಬಿಟ್ಟಿದ್ರ ಈ ಕಾಲೂ ಗಾಯ ಆಗ್ತಿತ್ತು."

ನಾನು ತಲೆ ತಗ್ಗಿಸಿ ಹೂಂ ಎಂದೆ. ಅಲ್ಲಿಂದ ಮಶೀನಿನ ಗುಂಡಿಗೆ ಕೈ ಹಚ್ಚುವ ಅಧಿಕಾರ ಮಹಾದೇವಿಯದು.

ಎರಡು ತಿಂಗಳು ಕಳೆಯುವುದರಲ್ಲಿ ಗಾಯ ಮಾಯ್ದಿತ್ತು. ಶುಗರ್ ಹತೋಟಿಗೆ ಬಂದಿತ್ತು. ಒಂದು ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ರಾತ್ರಿಯಿಡೀ ಒಂದು ಸಲವೂ ಎಚ್ಚರವಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ 'ಮೂರು' ಎಂದು ಬರೆಯುವಾಗ ಮಹಾದೇವಿ ಅಳುತ್ತಲೇ ನಗುತ್ತಿದ್ದಳು. ಗುಳಿಗೆಯಿಂದಲೋ, ಮಶೀನಿನಿಂದಲೋ, ಅವಳ ಎರಡು ರೊಟ್ಟಿಯಿಂದಲೋ ನಾನು ಹೇಳಲಾರೆ. ಮಶೀನು ತಪ್ಪಿಸಿದ ದಿನ ನೋವು ಐದಕ್ಕೆ ಏರುತ್ತದೆ ಎಂಬುದು ಮಾತ್ರ ನನ್ನ ಅನುಭವ.

ನೋವು ಹೋಯಿತು, ಇನ್ನು ಸ್ಟೇರಿಂಗು ಹಿಡಿಯುವುದೊಂದೇ ಬಾಕಿ ಎಂದು ನಾನು ಖಾಕಿ ಇಸ್ತ್ರಿ ಮಾಡಿಸಿದೆ. ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ಡಾಕ್ಟರ ಬಳಿ ಹೋದೆ. ಅವರು ಮತ್ತೆ ಆ ನೈಲಾನ್ ಎಳೆ ತೆಗೆದರು. ಮತ್ತೆ ನಾನು ಕಣ್ಣು ಮುಚ್ಚಿದೆ. ಬಲಗಾಲಿನಲ್ಲಿ ಒಂದೇ ಒಂದು ಸಲ ಹೂಂ ಅಂದೆ. ಅದೂ ಊಹೆಯ ಮೇಲೆ.

"ನೋವು ಕಡಿಮಿ ಆಗೇತಿ, ಭಾಳ ಸಂತೋಷ. ಆದ್ರ ಸ್ಪರ್ಶ ಬಂದಿಲ್ಲ" ಎಂದರು. "ಬಸ್ ನಡಸಾಕ ನಾ ಬರದು ಕೊಡಾಕ ಆಗೂದಿಲ್ಲ, ಸಂಗಪ್ಪನವರ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನೋವು ಸಹಿಸಿದ್ದು ಯಾಕೆ, ಕರೆಂಟು ಹಾಕಿಸಿಕೊಂಡದ್ದು ಯಾಕೆ? ಕೇಳಿದ್ದನ್ನು ಬರೆದುಕೊಡುವ ಇನ್ನೊಬ್ಬ ಡಾಕ್ಟರ್ ಇದ್ದಾರೆ ಎಂದು ಡಿಪೋದಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಅವರ ಬಳಿಯೇ ಹೋಗುವುದೆಂದು ಮನಸ್ಸು ಮಾಡಿದೆ. ಮಹಾದೇವಿಗೆ ಹೇಳಲಿಲ್ಲ.

ಆ ಭಾನುವಾರ ದಾವಲಸಾಬ ಮನೆಗೆ ಬಂದ. ಅಮೀನಗಡದಿಂದ ಕರದಂಟು ತಂದು, ಅದನ್ನು ಮಹಾದೇವಿಯ ಕೈಗೆ ಕೊಟ್ಟು, "ನಿಮಗ ತಂದೇನ್ರಿ ವೈನಿ, ಈತಗ ತುಣುಕು ಸುದ್ದಾ ಕೊಡಬ್ಯಾಡ್ರಿ" ಎಂದ. ಅವಳು ಚಹಾ ತರಲು ಒಳಗೆ ಹೋದಾಗ ನಾನು ತಗ್ಗಿದ ದನಿಯಲ್ಲಿ ನನ್ನ ಉಪಾಯ ಹೇಳಿದೆ.

"ಮುಂದಿನ ವಾರ ಬರ್ತೇನಿ ದಾವಲ್. ಸರ್ಟಿಫಿಕೇಟಿನ ವ್ಯವಸ್ಥಾ ಆಕ್ಕೈತಿ."

ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಮುಖ ನೋಡಲಿಲ್ಲ.

"ಸಂಗಣ್ಣ, ಒಂದ್ ಮಾತು ಕೇಳ್ತೇನಿ. ಸಿಟ್ಟಿಗೇಳಬ್ಯಾಡ. ನೀ ರಜಾ ಹಾಕೂಕಿಂತ ಮೊದ್ಲ, ಸ್ಟಾಪ್ ಬರೂ ಮುಂದ ನಾ ಏನಂತ ಒದರ್ತಿದ್ದೆ?"

"ಗಟ್ಟಿ ಹಿಡ್ಕೋರಿ ಅಂತ."

"ಅದಕ್ಕಿಂತ ಮೊದ್ಲ, ಇಷ್ಟ್ ವರ್ಷದಾಗ, ನಾ ಒಮ್ಮೆರ ಹಂಗ ಒದರಿದ್ದು ಕೇಳಿಯೇನು?"

ಕೇಳಿರಲಿಲ್ಲ.

"ಮೂರು ತಿಂಗಳು ಒದರೇನಿ" ಎಂದ. "ನಿನ್ನ ಕಾಲು ಒಮ್ಮೆ ತಡಾ ಮಾಡ್ತಿತ್ತು, ಒಮ್ಮೆ ಧಡಕ್ಕನ ಬೀಳ್ತಿತ್ತು. ನಿನ್ನ ನೌಕರಿಗೆ ಕುತ್ತು ಬರಬಾರ್ದು ಅಂತ ಯಾರ ಮುಂದೂ ಬಾಯಿ ಬಿಡಲಿಲ್ಲ. ಅದು ನಂದ ತಪ್ಪು, ಅಲ್ಲಾಹು ಕ್ಷಮಿಸಬೇಕು. ಬಸ್ ತುಂಬ ಮಂದಿ ಇರ್ತಾರಪಾ. ಇನ್ನ ನಾ ಸುಮ್ನಿರೂದಿಲ್ಲ."

ಮಹಾದೇವಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಆಗ ನನಗೆ ಶಿರೂರಿನ ಸ್ಟಾಪು ನೆನಪಾಯಿತು. ಬೇವೂರಿನ ಸಂತೆಗೆ ಹೊರಟಿದ್ದ ಒಬ್ಬಳು ನಾನು ಹಾಕಿದ ಬ್ರೇಕಿಗೆ ಬಾಳೆಹಣ್ಣಿನ ಬುಟ್ಟಿಯ ಸಮೇತ ಮುಗ್ಗರಿಸಿ ಬಾನೆಟ್ಟಿನ ತನಕ ಬಂದು ಬಿದ್ದಿದ್ದಳು. ಮೊಣಕೈ ತರಚಿತ್ತು. ನಾನು ಅಡ್ಡ ಬಂದ ಬೈಕಿನವನನ್ನು ಬೈದೆ, ನಿಂತು ಬಂದದ್ದಕ್ಕೆ ಆ ಹೆಣ್ಣುಮಗಳನ್ನೂ ಬೈದೆ. ದಾವಲಸಾಬ ಕೆಳಗೆ ಕುಳಿತು ಒಂದೊಂದೇ ಹಣ್ಣು ಆರಿಸಿ ಬುಟ್ಟಿಗೆ ಹಾಕಿದ್ದ. ಅವನು ಆಗ ಏನೂ ಮಾತಾಡಿರಲಿಲ್ಲ. ಯಾಕೆಂದು ಈಗ ತಿಳಿಯಿತು. ಹನ್ನೊಂದು ವರ್ಷದ ಗೆಳೆಯ ನನ್ನ ಕಾಲಿನ ತಪ್ಪನ್ನು ತನ್ನ ಗಂಟಲಿನಿಂದ ಮುಚ್ಚಿಕೊಂಡು ಬಂದಿದ್ದ, ಮತ್ತು ನಾನು ಡಾಕ್ಟರ ಮುಂದೆ ಎಲ್ಲ ಗೊತ್ತಾಗುತ್ತದೆ ಎಂದು ಹೇಳಿ ಬಂದಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಎರಡು ದಿನ ಮನೆಯಿಂದ ಹೊರಬೀಳಲಿಲ್ಲ. ಮಹಾದೇವಿ ಹೊತ್ತಿಗೆ ಸರಿಯಾಗಿ ಪ್ಯಾಡು ಅಂಟಿಸಿ, ಗುಂಡಿ ಒತ್ತಿ, ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮೂರನೆಯ ದಿನ ನಾನೇ ಡಾಕ್ಟರ ರಿಪೋರ್ಟು ಹಿಡಿದು, ಎಂಸಿಆರ್ ಚಪ್ಪಲಿ ಮೆಟ್ಟಿ ಡಿಪೋ ಮ್ಯಾನೇಜರ ಮುಂದೆ ನಿಂತೆ.

"ನನ್ನ ಕಾಲಿಗೆ ಬ್ರೇಕ್ ಗೊತ್ತಾಗೂದಿಲ್ಲರಿ ಸಾಹೇಬ್ರ" ಎಂದೆ.

ಅವರು ಕುಳ್ಳಿರಿಸಿ ನೀರು ಕೊಟ್ಟರು. ಆಮೇಲೆ ಮೆಡಿಕಲ್ ಬೋರ್ಡು, ಕಾಗದಪತ್ರ, ಓಡಾಟ. ಈಗ ನಾನು ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಲೈಟ್ ಡ್ಯೂಟಿಯಲ್ಲಿದ್ದೇನೆ. ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುತ್ತೇನೆ, ಮೈಕಿನಲ್ಲಿ ಒದರುತ್ತೇನೆ. ದಾವಲಸಾಬ ಸಹಿಗೆ ಬಂದಾಗ ಸಕ್ಕರೆ ಇಲ್ಲದ ಚಹಾ ತರಿಸುತ್ತಾನೆ. ಮೊದಮೊದಲು ಅವನ ಬಸ್ಸು ಇನ್ನೊಬ್ಬ ಡ್ರೈವರನ ಕೈಯಲ್ಲಿ ಹೊರಡುವುದನ್ನು ನೋಡಲಾಗದೆ ನಾನು ಫೈಲು ಹುಡುಕುವ ನೆಪ ಮಾಡುತ್ತಿದ್ದೆ. ಈಗ ನೋಡುತ್ತೇನೆ. ಹೊಸ ಡ್ರೈವರುಗಳು ಸಿಕ್ಕರೆ ಬೂಟು ಹಾಕಿಕೊಳ್ಳಿ ಎಂದು ಗಂಟುಬೀಳುತ್ತೇನೆ. ಮುದುಕ ಮಾತು ಬದಲಿಸಿದ ಎಂದು ನಗುತ್ತಾರೆ, ನಗಲಿ.

ಮಶೀನು ಇವತ್ತಿಗೂ ದಿನಾ ಅರ್ಧ ತಾಸು. ನೋವು ಎರಡು ಮೂರರಲ್ಲಿದೆ, ಮಳೆಗಾಲದ ಮೋಡ ಕವಿದ ದಿನ ನಾಲ್ಕು. ಪೂರ್ತಿ ಹೋಗುತ್ತದೆಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಕಾಲು ಎರಡೂ ಇವೆ. ನಡೆಯುತ್ತೇನೆ. ಇಷ್ಟು ಉಳಿಸಿಕೊಟ್ಟವರ ಋಣ ನನ್ನ ಮೇಲೆ ಬಹಳವಿದೆ, ಆ ಪಟ್ಟಿಯಲ್ಲಿ ಮಹಾದೇವಿಯ ಹೆಸರು ಮೊದಲು.

ಕಳೆದ ತಿಂಗಳು ಬಾದಾಮಿಯಲ್ಲಿರುವ ಅವಳ ತಂಗಿಯ ಮನೆಗೆ ಹೊರಟೆವು. ನಾನು ಎಲ್ಲಿಗೆ ಬಸ್ಸಿನಲ್ಲಿ ಹೋದರೂ ಡ್ರೈವರನ ಪಕ್ಕ ಬಾನೆಟ್ಟಿನ ಮೇಲೆ ಕುಳಿತು ಹರಟುವವನು. ದವಾಖಾನೆಗೆ ಹೋಗುವಾಗಲೂ ಅವಳನ್ನು ಹಿಂದಿನ ಸೀಟಿನಲ್ಲಿ ಒಬ್ಬಳನ್ನೇ ಬಿಟ್ಟಿದ್ದೆ. ಈ ಸಲ ಬಸ್ಸು ಹತ್ತಿದ ಕೂಡಲೇ ತಾಕೀತು ಬಂತು. "ಬಾನೆಟ್ ಮ್ಯಾಲ ಹೋಗಿ ಕುಂತ್ರಿ ಅಂದ್ರ ನಾ ಇಲ್ಲೇ ಇಳದು ಮನಿಗೆ ಹೋಗ್ತೇನಿ ನೋಡ್ರಿ." ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ನಾವಿಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಅವಳು ಕಿಟಕಿಗೆ, ನಾನು ಈಚೆಗೆ.

ಗುಳೇದಗುಡ್ಡ ದಾಟಿದ ಮೇಲೆ ಒಂದು ತಿರುವಿನಲ್ಲಿ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಬಸ್ಸು ನಿಧಾನವಾಗಿ, ಯಾರೂ ಮುಂದಕ್ಕೆ ವಾಲದ ಹಾಗೆ ನಿಂತಿತು. ಮಹಾದೇವಿ ನನ್ನ ತೋಳು ತಟ್ಟಿದಳು.

"ಅಲ್ಲಿ ಬ್ರೇಕ್ ಇಲ್ಲರಿ."

ಕೆಳಗೆ ನೋಡಿದೆ. ನನ್ನ ಬಲಗಾಲು ಮುಂದಿನ ಸೀಟಿನ ಬುಡದಲ್ಲಿ ನೆಲವನ್ನು ಶಕ್ತಿಯಿದ್ದಷ್ಟೂ ಒತ್ತಿ ಹಿಡಿದಿತ್ತು. ಒತ್ತಿದ್ದು ನನಗೆ ಗೊತ್ತಾಗಿರಲಿಲ್ಲ. ಎಷ್ಟು ಹೊತ್ತಿನಿಂದ ಒತ್ತಿತ್ತೋ ಅದೂ ಗೊತ್ತಿಲ್ಲ. ಮುಂದೆ ಆ ಡ್ರೈವರ್ ಎಮ್ಮೆ ದಾಟುವವರೆಗೆ ಕಾದು, ಗೇರು ಹಾಕಿ, ಬಸ್ಸು ಎತ್ತಿದ. ಒಳ್ಳೆಯ ಕಾಲು ಅವನದು.

ನನ್ನ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳ ಹೆಗಲಿಗೆ ತಲೆಯಾನಿಸಿದೆ. ಅವಳು ಎಬ್ಬಿಸಿದಾಗ ಬಾದಾಮಿ ಬಂದಿತ್ತು. ಬೇರೆಯವರು ಓಡಿಸುವ ಬಸ್ಸಿನಲ್ಲಿ ನಾನು ನಿದ್ದೆ ಹೋದದ್ದು ಅದೇ ಮೊದಲು.